ಕೊಚ್ಚಿ ಬಂದರದ ದಂಡಿಮ್ಯಾಲಿನ ಹೋಟೆಲ್: ದೋಸ್ತ ವೀರಣ್ಣಗೊಂದು ಪತ್ರ

ಬ್ಯಾಡಗಿ

ಪ್ರೀತಿಯ ದೋಸ್ತ ವೀರಣ್ಣ,

ಜರ್ಮನಿಯಿಂದ ಬರೂ ಖರೀದಿದಾರರನ್ನ ಕೊಚ್ಚಿ ಬಂದರದ ದಂಡಿಮ್ಯಾಲಿನ ಆ ದೊಡ್ಡ ಹೋಟೆಲಿನ್ಯಾಗ ಇಳಿಸಬೇಕಂತ ಮಾಡೀದಿ. ನೀನೂ ಅಲ್ಲೇ ಇರಬೇಕೋ ಬ್ಯಾಡೋ, ಅಷ್ಟು ರೊಕ್ಕಕ್ಕ ತಕ್ಕಂಗ ಐತೋ ಇಲ್ಲೋ ಅಂತ ಕೇಳೀದಿ. ಫೋನಿನ್ಯಾಗ ಎರಡು ಮಾತಿಗೆ ಮುಗಿಯೂ ವಿಷಯ ಅಲ್ಲ ಇದು, ಅದಕ್ಕ ಕುಂತು ಬರ್ಯಾಕತ್ತೀನಿ. ಮೆಣಸಿನಕಾಯಿ ವ್ಯಾಪಾರಕ್ಕಂತ ಗದಗ, ಹಾವೇರಿ ಕಡೆಯಿಂದ ಕೊಚ್ಚಿಗೆ ಹೋಗೂ ಮಂದಿ ಭಾಳ ಅದಾರ. ಅವರಿಗೂ ಉಪಯೋಗ ಆಗಲಿ ಅಂತ ಎಲ್ಲಾರೂ ಓದೂಹಂಗ ಹಾಕೀನಿ. ಹೋಟೆಲಿನ ಹೆಸರು ಬರಿಯೂದಿಲ್ಲ, ನಿನಗಂತೂ ಗೊತ್ತೈತಿ.

ಮೊದಲ ನನ್ನ ಅಭಿಪ್ರಾಯ ಹೇಳಿಬಿಡ್ತೀನಿ. ಖರೀದಿದಾರರು ನೀ ಇದ್ದಲ್ಲಿಗೆ ಬರೂದಿದ್ರ ಅದಕ್ಕಿಂತ ಛಲೋ ಜಾಗಾ ಕೊಚ್ಚಿಯೊಳಗ ಸಿಗೂದು ಕಷ್ಟ. ನೀನ ಅವರ ಬಾಗಿಲಿಗೆ ಅಡ್ಯಾಡೂದಿದ್ರ ಅಲ್ಲೆ ಇಳೀಬ್ಯಾಡ. ಹೋಟೆಲ್ ಅದೇ, ರೂಮೂ ಅದೇ, ಆದ್ರ ನಿನ್ನ ಕೆಲಸ ಯಾವುದು ಅನ್ನೂದರ ಮ್ಯಾಲೆ ಅದರ ಗುಣ ಬದಲಾಗ್ತೈತಿ.

ಜಾಗಾದ ಕಥಿ ಒಂದೀಟು ತಿಳಕೊಂಡಿರು, ಬಂದವರಿಗೆ ಹೇಳಾಕ ಬರ್ತೈತಿ. ಆ ಹೋಟೆಲ್ ಇರೂದು ವಿಲ್ಲಿಂಗ್ಡನ್ ದ್ವೀಪದಾಗ. ಅದು ದೇವರು ಮಾಡಿದ ದ್ವೀಪ ಅಲ್ಲ. ಕೊಚ್ಚಿ ಹಿನ್ನೀರಿನ ಬಾಯಿಗೆ ಅಡ್ಡ ಬಿದ್ದ ಮರಳಿನ ದಿಬ್ಬದಿಂದಾಗಿ ದೊಡ್ಡ ಹಡಗು ಒಳಗ ಬರಾಕ ಆಗ್ತಿರಲಿಲ್ಲ. 1920ರಾಗ ರಾಬರ್ಟ್ ಬ್ರಿಸ್ಟೊ ಅನ್ನೂ ಇಂಗ್ಲಿಷ್ ಎಂಜಿನಿಯರ್ ಬಂದು ಅದನ್ನ ತಗಸೂ ಕೆಲಸಕ್ಕ ನಿಂತ. 1928ರಾಗ ಹಡಗು ಒಳಬಂದರಕ್ಕ ಬಂತು. ತಗದ ಮಣ್ಣನ್ನ ಒಂದು ಕಡೆ ಸುರುವಿ ಸುರುವಿ ಈ ದ್ವೀಪ ಕಟ್ಟಿದ್ರು. ಕೆಲಸ ಶುರುವಾದಾಗ ಮದ್ರಾಸಿನ ಗವರ್ನರ್ ಆಗಿದ್ದು ಮುಂದ ವೈಸರಾಯ್ ಆದ ವಿಲ್ಲಿಂಗ್ಡನ್ ಹೆಸರು ಇಟ್ರು. ಬಂದರ ಆದಮ್ಯಾಲೆ ಗೋದಾಮು, ರೈಲು, ನೌಕಾಪಡೆ, ವ್ಯಾಪಾರದ ಕಚೇರಿ, ಅವುಗಳ ಹಿಂದ ಹೋಟೆಲು ಬಂದ್ವು. ಅಂದ್ರ ಅಲ್ಲೆ ಹೋಟೆಲ್ ಹುಟ್ಟಿದ್ದು ಹಡಗಿನ ಮಂದಿಗೆ, ವ್ಯಾಪಾರದ ಮಂದಿಗೆ. ಸಮುದ್ರ ನೋಡಾಕ ಬರೂ ಪ್ರವಾಸಿಗಳು ಬಂದದ್ದು ಭಾಳ ಆಮ್ಯಾಲೆ.

ಈಗ ಕಂಟೇನರ್ ಹಡಗು ಈ ದಂಡಿಗೆ ಹತ್ತೂದಿಲ್ಲ. 2011ರಾಗ ಎದುರಿನ ವಲ್ಲಾರ್ಪಾಡಂ ದ್ವೀಪದಾಗ ಟರ್ಮಿನಲ್ ಚಾಲೂ ಆತು, ಕಂಟೇನರ್ ಎಲ್ಲಾ ಅಲ್ಲಿಗೆ ಹೋದ್ವು. ನಿನಗ ಇದು ಲಾಭನ. ಉತ್ತರದ ಕಡೆ ರೂಮಿನ ಕಿಡಕಿಯೊಳಗ ನಿಂತ್ರ ನೀರಿನ ಆಚೆ ಆ ಎತ್ತರದ ಕ್ರೇನು ಕಾಣ್ತಾವ. ಖರೀದಿದಾರರನ್ನ ಅಲ್ಲೆ ನಿಂದ್ರಿಸಿ "ನಿಮ್ಮ ಮಾಲು ಹೋಗೂದು ಅಲ್ಲಿಂದ" ಅಂತ ಬೆರಳು ಮಾಡಿ ತೋರಿಸಬೌದು. ಕಾಗದದ ಮ್ಯಾಲೆ ಹತ್ತು ಸಲ ಹೇಳಿದ್ರೂ ಬರದ ನಂಬಿಕಿ ಆ ಒಂದು ನೋಟದಾಗ ಬರೂದನ್ನ ನಾ ಕಂಡೀನಿ. ಅದಕ್ಕ, ಅವರಿಗೆ ರೂಮು ತಗೊಳ್ಳೂಮುಂದ ನೀರಿನ ಕಡೆದ್ದ ತಗೋ. ಬಾಡಿಗಿ ಹೆಚ್ಚ ಇರ್ತೈತಿ, ಇರಲಿ. ನೀ ಇರೂದಾದ್ರ ರಸ್ತೆ ಕಡೆ ರೂಮು ಸಾಕು. ರಾತ್ರಿ ದೋಣಿ ಎಂಜಿನ್ನಿನ ಸಪ್ಪಳನೂ ಕಡಿಮಿ.

ಇನ್ನ ನಮ್ಮ ಮಾಲಿನ ವಿಷಯ. ಇದನ್ನ ಯಾವ ಹೋಟೆಲಿನವರೂ ಜಾಹೀರಾತಿನ್ಯಾಗ ಬರಿಯೂದಿಲ್ಲ, ಆದ್ರ ನಮಗ ಇದ ಮುಖ್ಯ: ಬೆಳಕು. ಬ್ಯಾಡಗಿ ಮೆಣಸಿನಕಾಯಿ ಮಾರೂದು ಖಾರಕ್ಕಲ್ಲ, ಬಣ್ಣಕ್ಕ. ಕೊಚ್ಚಿ ಸುತ್ತಲಿನ ಓಲಿಯೊರೆಸಿನ್ (ಮಸಾಲಿಯಿಂದ ತಗಿಯೂ ದಪ್ಪನ ರಸ) ಫ್ಯಾಕ್ಟರಿಯವರು ನಮ್ಮ ಕಾಯಿ ಒಯ್ಯೂದು ಅದರ ಕೆಂಪು ಹಿಂಡಾಕ. ಆ ಹೋಟೆಲಿನ ಮೀಟಿಂಗ್ ರೂಮು ನೋಡಾಕ ಭಾರಿ ಐತಿ, ಉದ್ದನ ಟೇಬಲ್ಲು, ಚರ್ಮದ ಕುರ್ಚಿ, ಗ್ವಾಡಿ ತುಂಬ ಪರದೆ. ಆದ್ರ ಕಿಡಕಿ ಇಲ್ಲ. ಮ್ಯಾಲಿಂದ ಹಳದಿ ದೀಪ. ಆ ದೀಪದ ಕೆಳಗ ನಮ್ಮ ಪಸಂದ ಡಬ್ಬಿ ಕಾಯಿ (ಗಿಡ್ಡನ, ದಪ್ಪನ ಜಾತಿ) ಇಟ್ರ ಇಟ್ಟಂಗಿ ಬಣ್ಣದ್ದಾಗಿ ಕಾಣ್ತೈತಿ. ಕಡ್ಡಿಗೂ (ಉದ್ದನ, ತೆಳ್ಳನ ಜಾತಿ) ಡಬ್ಬಿಗೂ ಫರಕ ತಿಳಿಯೂದಿಲ್ಲ. ಲ್ಯಾಬಿನ್ಯಾಗ ಬಣ್ಣ ಅಳದು ಕೊಡೂ ಆಸ್ಟಾ ರಿಪೋರ್ಟು ಮುಂದ ಇದ್ರೂ ಖರೀದಿ ಮಾಡವನ ಕಣ್ಣು ಒಪ್ಪಬೇಕಲ್ಲ?

ಒಮ್ಮೆ ಹಿಂಗ ಆಗಿ ಮಾತು ತಣ್ಣಗಾಗಾಕತ್ತಿತ್ತು. ಚಹಾ ತಂದ ವಯಸ್ಸಾದ ವೇಟರ್ ಒಬ್ಬಾಂವ ಕಾಯಿ ನೋಡಿದ, ಮ್ಯಾಲಿನ ದೀಪ ನೋಡಿದ, ಏನೂ ಅನಲಾರದ ಹೊರಗ ಹೋದ. ಹೊಳ್ಳಿ ಬಂದು ನೀರಿನ ಕಡೆ ಪಡಸಾಲಿಯೊಳಗ ಟೇಬಲ್ ಹಾಕೀನಿ, ಬರ್ರಿ ಅಂದ. ಹೋಗಿ ನೋಡಿದ್ರ ಟೇಬಲ್ ಮ್ಯಾಲಿನ ಬಣ್ಣದ ಬಟ್ಟಿ ತಗದು ಬಿಳಿ ಹಾಳಿ ಹಾಸಿದ್ದ, ಬಿಳಿ ಪಿಂಗಾಣಿ ತಾಟು ಸಾಲಾಗಿ ಇಟ್ಟಿದ್ದ. ನಾ ಒಂದು ಕಾಯಿ ಮುರದು, ಬೀಜ ಉದುರಿಸಿ, ಸಿಪ್ಪಿ ಬೆಳಕಿಗೆ ಹಿಡಿದೆ. ಅಂಚಿನ ತನಕ ಒಂದ ಸಮ ಕೆಂಪು. ಖರೀದಿದಾರ ಕೈಚಾಚಿ ಆ ಸಿಪ್ಪಿ ಇಸಕೊಂಡ, ಆಮ್ಯಾಲೆ ಅವನ ಬಾಯಾಗ ರೇಟಿನ ಮಾತು ಬಂತು. ಕಾಳುಮೆಣಸು, ಯಾಲಕ್ಕಿ ವ್ಯಾಪಾರದವರಿಗೆ ವರ್ಷಾನುಗಟ್ಟಲೆ ಚಹಾ ಕೊಟ್ಟ ಮನಷ್ಯಾ ಅಂವ. ನಮ್ಮ ಕೆಲಸ ಏನಂತ ನಮ್ಮಷ್ಟ ಅವಗೂ ಗೊತ್ತು. ಆ ಹೋಟೆಲಿನ ದೊಡ್ಡ ಆಸ್ತಿ ಅಂದ್ರ ಇಂಥಾ ಹಳೇ ಮಂದಿ. ಹೊಸದಾಗಿ ಕಟ್ಟಿದ ಕನ್ನಡಿ ಗ್ವಾಡಿಯ ಹೋಟೆಲಿನ್ಯಾಗ ಇದು ಸಿಗೂದಿಲ್ಲ, ಎಷ್ಟು ಸ್ಟಾರ್ ಇದ್ರೂ.

ನೀನೂ ಹಿಂಗ ಮಾಡು. ಮೀಟಿಂಗ್ ರೂಮು ಲೆಕ್ಕಪತ್ರಕ್ಕ ಇಟ್ಕೋ, ಸ್ಯಾಂಪಲ್ ತೋರಿಸೂದು ಮಾತ್ರ ಮುಂಜಾನೆ ಪಡಸಾಲಿಯೊಳಗ. ಮಧ್ಯಾಹ್ನ ಆದಮ್ಯಾಲೆ ಬ್ಯಾಡ, ಪಡುವಣ ಬಿಸಲು ನೀರಿನಮ್ಯಾಲೆ ಬಿದ್ದು ಕಣ್ಣಿಗೆ ಹೊಡೀತೈತಿ. ಮತ್ತ ಪಾಕೀಟು ತಗದು ಹಂಗ ಬಿಡಬ್ಯಾಡ. ಮಾಲಿನ ತೇವ ಶೇ. 11ರ ಒಳಗ ಇರಬೇಕಂತ ನಾವು ಕಣದಾಗ ಎಷ್ಟು ಒದ್ದಾಡ್ತೀವಿ. ಬಂದರದ ಗಾಳಿಗೆ ಒಂದು ಹೊತ್ತು ಇಟ್ರ ಸಾಕು, ಕಟಕ್ ಅಂತ ಮುರಿಯೂ ಕಾಯಿ ಮೆತ್ತಗ ಆಗಿಬಿಡ್ತೈತಿ. ತೋರಿಸೂದಕ್ಕೊಂದು, ಅವರು ಒಯ್ಯಾಕೊಂದು, ಬ್ಯಾರೆ ಬ್ಯಾರೆ ಪಾಕೀಟು ಮಾಡು.

ಈಗ ಕೆಟ್ಟದ್ದು. ಮೊದಲನೇದು ದೂರ. ದ್ವೀಪ ಅಂದಮ್ಯಾಲೆ ಕಾರಿನ್ಯಾಗ ಹೋಗಾಕ ಬರಾಕ ಸೇತುವೆನ ಗತಿ. ಮುಂಜಾನೆ, ಸಂಜಿಮುಂದ ಆ ಸೇತುವೆ ದಾಟಿ ಊರೊಳಗ ಬೀಳೂದ್ರಾಗ ಜೀವ ಸಾಕಾಗ್ತೈತಿ. ನಮ್ಮ ಓಲಿಯೊರೆಸಿನ್ ಫ್ಯಾಕ್ಟರಿ ಇರೂದು ಎಲ್ಲೆ? ಕೋಲಂಚೇರಿ ಕಡೆ, ಅದು ಪೂರ್ವಕ್ಕ. ಅಂಗಮಾಲಿ ಕಡೆ, ಅದು ಉತ್ತರಕ್ಕ, ವಿಮಾನ ನಿಲ್ದಾಣದ ಮಗ್ಗಲಕ. ಸ್ಪೈಸಸ್ ಬೋರ್ಡಿನ ಕಚೇರಿ ಪಾಲಾರಿವಟ್ಟಂನಾಗ. ನೀ ಮಾತ್ರ ಪಶ್ಚಿಮದ ತುದಿಗೆ ಕುಂತಿರ್ತಿ. ನೆಡುಂಬಶ್ಶೇರಿ ವಿಮಾನ ನಿಲ್ದಾಣದಿಂದ ಹೋಟೆಲಿಗೆ ಬರೂ ದಾರಿ ಸುಮಾರು 35-40 ಕಿ.ಮೀ. ಐತಿ. ಅಂಗಮಾಲಿಯೊಳಗ ಕೆಲಸ ಇದ್ದಾಂವ ಅಷ್ಟು ದೂರ ಬಂದು ಮಲಗಿ ಮತ್ತ ಹೊಳ್ಳಿ ಅಲ್ಲಿಗೇ ಹೋಗೂದು ಶುದ್ಧ ದಂಡ. ಅಲುವಾದಿಂದ ಹೊಂಟ ಮೆಟ್ರೊ ರೈಲು ಈ ದ್ವೀಪಕ್ಕ ಬರೂದಿಲ್ಲ. ಹೋಟೆಲಿನ ಕಾರು ಕೇಳಿದ್ರ ಹೊರಗಿನ ಟ್ಯಾಕ್ಸಿಕಿಂತ ಭಾಳ ಹೆಚ್ಚು ಹೇಳ್ತಾರ. ಫ್ಯಾಕ್ಟರಿ ಫ್ಯಾಕ್ಟರಿ ಅಡ್ಯಾಡೂ ದಿವಸಕ್ಕ ನಾ ಪಾಲಾರಿವಟ್ಟಂ ಇಲ್ಲಾ ಇಡಪ್ಪಳ್ಳಿ ಸುತ್ತ ಸಾದಾ ಹೋಟೆಲ್ ಹಿಡೀತೀನಿ. ಹಾಸಿಗಿ ಸ್ವಚ್ಛ ಇರ್ತೈತಿ, ಮುಂಜಾನೆ ಲಗೂ ಹೊರಬೀಳಬೌದು, ಅಷ್ಟ ಸಾಕು.

ಎರಡನೇದು ತೆರಿಗಿ. ಇದನ್ನ ನಮ್ಮ ವ್ಯಾಪಾರಸ್ಥರು ಲೆಕ್ಕಕ್ಕ ಹಿಡಿಯೂದ ಇಲ್ಲ, ಅದಕ್ಕ ಬಿಡಿಸಿ ಹೇಳ್ತೀನಿ. ಒಂದು ದಿನದ ಬಾಡಿಗಿ 7,500 ರೂಪಾಯಿ ದಾಟಿತು ಅಂದ್ರ ಶೇ. 18 ಜಿಎಸ್‌ಟಿ. 10,000ದ ರೂಮಿಗೆ 11,800 ಕೊಡಬೇಕು. "ಬಿಡೋ, ಇನ್‌ಪುಟ್ ಕ್ರೆಡಿಟ್ ಬರ್ತೈತಿ, ಕೊಟ್ಟ ತೆರಿಗಿ ನಾವು ಕಟ್ಟೂ ತೆರಿಗಿಯೊಳಗ ವಜಾ ಆಗ್ತೈತಿ" ಅಂತ ನೀ ಅನ್ನಬೌದು. ಬರೂದಿಲ್ಲ. ಹೋಟೆಲ್ ಕಟ್ಟಡ ಯಾವ ರಾಜ್ಯದಾಗ ಐತೋ ಆ ರಾಜ್ಯದ ತೆರಿಗಿನ ಅದಕ್ಕ ಹತ್ತೂದು. ಅವರು ಕೇಂದ್ರದ ಪಾಲು ಸಿಜಿಎಸ್‌ಟಿ ಮತ್ತ ಕೇರಳ ರಾಜ್ಯದ ಪಾಲು ಎಸ್‌ಜಿಎಸ್‌ಟಿ ಹಚ್ಚತಾರ, ನಿನ್ನ ನೋಂದಣಿ ಕರ್ನಾಟಕದ್ದು. ಬಿಲ್ಲಿನಮ್ಯಾಲೆ ನಿನ್ನ ಜಿಎಸ್‌ಟಿ ನಂಬರ್ ಬರಿಸಿದ್ರೂ ಆ 1,800 ಹೊಳ್ಳಿ ಬರೂದಿಲ್ಲ. ಅಂಥಾ ಹೋಟೆಲಿನ ಒಳಗ ಊಟ ಮಾಡಿದ್ರ ಅದಕ್ಕೂ ಶೇ. 18. ಊರಾಗಿನ ಸಾದಾ ರೆಸ್ಟೊರೆಂಟಿನ್ಯಾಗ ಶೇ. 5 ಇರ್ತೈತಿ. ಮೂರ್ನಾಕು ಮಂದಿ ಎರಡು ದಿನ ಇದ್ರ ಇದೊಂದ ಎಷ್ಟಾಗ್ತೈತಿ ಅಂತ ನಿನ್ನ ಆಡಿಟರ್ ಹತ್ರ ಕುಂತು ನೋಡು, ಆಮ್ಯಾಲೆ ಮಾಲಿನ ರೇಟಿನ್ಯಾಗ ಖರ್ಚು ಹಿಡಿ.

ಮೂರನೇದು ನನಗ ಖರೇನ ಸಿಟ್ಟು ತರಿಸಿದ್ದು, ಮದುವಿ. ಬಿಸಿನೆಸ್ ಹೋಟೆಲ್ ಅಂತ ಬೋರ್ಡು ಹಾಕ್ತಾರ, ನೀರಿನ ದಂಡಿಗಿನ ಹುಲ್ಲುಹಾಸು ಮದುವಿಗೆ ಬಾಡಿಗಿ ಕೊಡ್ತಾರ. ಅಂಥಾ ದಿನ ಲಿಫ್ಟ್ ಸಿಗೂದಿಲ್ಲ, ನಾಷ್ಟಾಕ್ಕ ಸರತಿ ನಿಲ್ಲಬೇಕು, ರಾತ್ರಿತನಕ ಸ್ಪೀಕರ್ ಹೊಡೀತಾವ. ಒಮ್ಮೆ ನಾವು ಮೊದಲ ಹೇಳಿ ಇಟ್ಟ ರೂಮನ್ನ ಮದುವಿಯವರ ಸಾಮಾನಿಗೆ ಕೊಟ್ಟು, ನಮ್ಮನ್ನ ಒಂದು ಸಣ್ಣ ಖೋಲಿಗೆ ನೂಕಿದ್ರು. ಕೌಂಟರಿನ ಹುಡುಗಿ ಭಾಳ ಸಲ ಕ್ಷಮಾ ಕೇಳಿದ್ಲು, ಅಕಿದೇನು ತಪ್ಪಿಲ್ಲ. ಮ್ಯಾಲೆ ಕುಂತವರು ಎರಡೂ ದುಡ್ಡು ಬೇಕಂತ ಮಾಡಿದ್ದು ಅದು. ದೂರದಿಂದ ಮಾಲು ತಗೊಂಡು ಬಂದ ಮನಷ್ಯಾನ ಮರ್ಯಾದಿ ಪ್ರಶ್ನೆ ಇದು, ನಾ ಸಣ್ಣದು ಅಂತ ತಿಳಿಯೂದಿಲ್ಲ. ಅದಕ್ಕ ರೊಕ್ಕ ಕಟ್ಟೂಕಿಂತ ಮೊದಲ "ಆ ತಾರೀಖಿಗೆ ಮದುವಿ ಐತೇನು?" ಅಂತ ಕೇಳು, ಉತ್ತರ ಇಮೇಲಿನ್ಯಾಗ ತರಿಸ್ಕೋ.

ಊಟದ ಬಗ್ಗೆ ಹೆಚ್ಚಿಗೆ ಹೇಳೂದಿಲ್ಲ. ಮುಂಜಾನೆ ಅಪ್ಪಂ, ಪುಟ್ಟು, ಕಡಲಿ ಪಲ್ಯಾ ಭಾರಿ ಇರ್ತಾವ. ರಾತ್ರಿ ಅವರ ಅಭಿಮಾನ ಎಲ್ಲಾ ಮೀನಿನಮ್ಯಾಲೆ. ಬಂದವರಿಗೆ ಅದು ಹಬ್ಬ. ನಮ್ಮಂಥಾ ಶಾಕಾಹಾರಿಗೆ ಪನೀರ್, ಅದೂ ಸಪ್ಪನ. ಮ್ಯಾನೇಜರಿಗೆ ಮುಂಜಾನೇನ ಹೇಳಿದ್ರ ಅಡಗಿ ಮನಿಯವರು ಕೇರಳದ ಕೆಂಪು ಮಟ್ಟ ಅಕ್ಕಿ ಅನ್ನ, ಅವಿಯಲ್ ಮಾಡಿಕೊಡ್ತಾರ.

ಮಳೆಗಾಲದಾಗ ಹೋಗೂ ವಿಚಾರ ಇದ್ರ ಬಿಡು. ನೀರಿನಮ್ಯಾಲೆ ಅಂತರಗಂಗಿ ತೇಲಿಕೋತ ಬರ್ತೈತಿ, ಆಚೆ ದಂಡಿ ಮಳಿಯೊಳಗ ಮುಚ್ಚಿಹೋಗ್ತೈತಿ. ನೋಟಕ್ಕ ಕೊಟ್ಟ ಹೆಚ್ಚಿನ ಬಾಡಿಗಿ ಯಾಕ ಅನಸ್ತೈತಿ. ಪಡಸಾಲಿಯೊಳಗ ಮಾಲು ತೋರಸಾಕೂ ಆಗೂದಿಲ್ಲ.

ನನ್ನ ಕೇಳಿದ್ರ ಹಿಂಗ ಮಾಡು. ಅವರನ್ನ ಜನವರಿ ಇಲ್ಲಾ ಫೆಬ್ರುವರಿಯೊಳಗ ಕರಸು. ಹೊಸ ಕಾಯಿ ಪ್ಯಾಟಿಗೆ ಬಂದಿರ್ತೈತಿ, ಕೊಚ್ಚಿಯೊಳಗ ಆಕಾಶ ತಿಳಿ ಇರ್ತೈತಿ. ಬಂದರದ ಹೋಟೆಲಿನ್ಯಾಗ ಎರಡು ರಾತ್ರಿ, ಹೆಚ್ಚ ಬ್ಯಾಡ. ಮೊದಲ ದಿನ ಮುಂಜಾನೆ ಮಾಲು ತೋರಿಸು. ಸಂಜಿಮುಂದ ಮಟ್ಟಾಂಚೇರಿಯ ಹಳೇ ಮಸಾಲಿ ಓಣಿ, ಅಲ್ಲಿಂದ ಫೋರ್ಟ್ ಕೊಚ್ಚಿಯ ಮೀನು ಹಿಡಿಯೂ ಚೀನಾ ಬಲಿ ನೋಡ್ಲಿ. 2023ರಾಗ ವಾಟರ್ ಮೆಟ್ರೊ ಚಾಲೂ ಆಗೈತಿ, ಬ್ಯಾಟರಿ ದೋಣಿ, ಹೈಕೋರ್ಟ್ ಕಡೆಯಿಂದ ಫೋರ್ಟ್ ಕೊಚ್ಚಿಗೆ ಹೋಗ್ತೈತಿ. ಅದರಾಗ ಒಮ್ಮೆ ಕರಕೊಂಡು ಹೋಗು, ಕಾರಿಗಿಂತ ಬಂದರ ಛಲೋ ಕಾಣ್ತೈತಿ. ಎರಡನೇ ದಿನ ಲೆಕ್ಕ, ಕರಾರು. ಆಮ್ಯಾಲೆ ಬೆಂಗಳೂರು ಮ್ಯಾಲೆ ಹಾಸಿ ವಿಮಾನದಾಗ ಹುಬ್ಬಳ್ಳಿಗೆ ಕರಕೊಂಡು ಬಾ. ಹುಬ್ಬಳ್ಳಿಯೊಳಗ ಇಳಿಸು, ನಮ್ಮ ಬ್ಯಾಡಗಿಯೊಳಗ ಅವರನ್ನ ಇಳಿಸೂವಂಥಾ ಹೋಟೆಲ್ ಇನ್ನೂ ಆಗಿಲ್ಲ. ಇದು ನನಗ ಕೊರಗೈತಿ. 2011ರಾಗ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕ ಮಾಲು, ಜಗತ್ತಿಗೆ ಬಣ್ಣ ಕೊಡೂ ಪ್ಯಾಟಿ, ಬಂದ ಪರದೇಶದವರು ರಾತ್ರಿ ಮಲಗಾಕ ಹುಬ್ಬಳ್ಳಿಗೆ ಹೋಗಬೇಕು.

ಸೋಮವಾರ ಇಲ್ಲಾ ಗುರುವಾರ ಟೆಂಡರ್ ದಿನ ನೋಡಿ ಕರಕೊಂಡು ಬಾ. ಎಪಿಎಂಸಿ ಯಾರ್ಡಿನ್ಯಾಗ ಚೀಲದ ಸಾಲು ನಾನ ಅಡ್ಯಾಡಿಸಿ ತೋರಸ್ತೀನಿ, ಮಧ್ಯಾಹ್ನ ಊಟ ನಮ್ಮ ಮನಿಯೊಳಗ. ಡಬ್ಬಿ ಎಷ್ಟು, ಕಡ್ಡಿ ಎಷ್ಟು ಸ್ಯಾಂಪಲ್ ಬೇಕಂತ ಈ ವಾರದಾಗ ತಿಳಸು, ತಂಪುಗೋದಾಮಿನಿಂದ ತಗಸಿ ಇಡ್ತೀನಿ. ಕಾಕಾ ಅವರ ಮೊಣಕಾಲು ನೋವು ಈಗ ಹೆಂಗೈತಿ? ವೈನಿಗೆ ನಮಸ್ಕಾರ ಹೇಳು.

ನಿನ್ನ ದೋಸ್ತ,
ಶಿವಪ್ಪ