ಹಳೇ ಪಿಕಪ್‌ಗಳ ಮೀಟರ್ ಬಿಚ್ಚುವ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ. ಪೆಟ್ರೋಲ್ ಮುಳ್ಳು ಅಲ್ಲಾಡುತ್ತಿಲ್ಲ ಅಂತ ತಕ್ಷಣ ಹೊಸ ಮೀಟರ್ ಹುಡುಕಬೇಡಿ, ದಯವಿಟ್ಟು. ಎಷ್ಟೋ ಸಲ ಮೀಟರ್ ಚೆನ್ನಾಗೇ ಇರುತ್ತೆ. ಕೆಟ್ಟಿರೋದು ಅರ್ತ್ (ಗಾಡಿಯ ಬಾಡಿಗೆ ಸೇರುವ ವೈರ್) ಅಥವಾ ಟ್ಯಾಂಕಿನೊಳಗಿನ ಸೆಂಡರ್, ಅಂದರೆ ಪೆಟ್ರೋಲ್ ಎಷ್ಟಿದೆ ಅಂತ ಮೀಟರಿಗೆ ತಿಳಿಸುವ ಭಾಗ. ಮೊದಲು ಅರ್ತ್ ವೈರ್ ಕೂರುವ ಜಾಗದ ತುಕ್ಕು, ಪೇಂಟ್ ಉಜ್ಜಿ, ಲೋಹ ಹೊಳೆಯೋ ಹಾಗೆ ಮಾಡಿ. ಆಮೇಲೆ ಮಲ್ಟಿಮೀಟರ್ ಇಟ್ಟು ಸೆಂಡರಿನ ರೆಸಿಸ್ಟೆನ್ಸ್ ಎಷ್ಟು ಓಮ್ ಅಂತ ನೋಡಿ. 1965ರಿಂದೀಚಿನ ಹಳೇ ಶೆವ್ರೊಲೆ ಆದರೆ ಖಾಲಿಗೆ 0, ಫುಲ್‌ಗೆ 90 ಹತ್ತಿರ. ಹಳೇ ಫೋರ್ಡ್ ತದ್ವಿರುದ್ಧ: ಖಾಲಿಗೆ ಸುಮಾರು 73, ಫುಲ್‌ಗೆ 10. ಒಂದರ ಸೆಂಡರ್ ಇನ್ನೊಂದರ ಮೀಟರಿಗೆ ಹೊಂದಲ್ಲ.

ಫೋರ್ಡಿನಲ್ಲಿ ಪೆಟ್ರೋಲ್, ಟೆಂಪರೇಚರ್ ಎರಡೂ ಒಟ್ಟಿಗೆ ಕೈಕೊಟ್ಟರೆ ಡ್ಯಾಶ್‌ಬೋರ್ಡ್ ಹಿಂದಿನ ಪುಟ್ಟ ವೋಲ್ಟೇಜ್ ರೆಗ್ಯುಲೇಟರ್ ನೋಡಿ. ಅದು ಸರಾಸರಿ 5 ವೋಲ್ಟ್ ಕೊಡಬೇಕು. ಪರೀಕ್ಷೆಗೆ ಅಂತಲೂ ಆ ಮೀಟರುಗಳಿಗೆ ನೇರ 12 ವೋಲ್ಟ್ ಕೊಡಬೇಡಿ, ಒಳಗೆ ಸುಟ್ಟುಹೋಗುತ್ತೆ.

ಬಿಚ್ಚಲೇಬೇಕಾದರೆ ಬ್ಯಾಟರಿ ಕಳಚಿಯೇ ಕೈ ಹಾಕಿ. ಹಲವು ಹಳೇ ಗಾಡಿಗಳಲ್ಲಿ ಆಮ್ಮೀಟರ್ (ಕರೆಂಟ್ ಅಳೆಯುವ ಮೀಟರ್) ವೈರಿಗೆ ಫ್ಯೂಸೇ ಇರಲ್ಲ. ಎಂಜಿನ್ನಿಂದ ಟೆಂಪರೇಚರ್ ಮೀಟರಿಗೆ ತೆಳು ತಾಮ್ರದ ನಳಿಕೆ ಬಂದಿದ್ದರೆ ಅದನ್ನು ಕತ್ತರಿಸಬೇಡಿ, ಮಡಚಲೂಬೇಡಿ. ಒಳಗಿನ ದ್ರವ ಸೋರಿದರೆ ಮೀಟರ್ ಸತ್ತಂತೆ. ಡಯಲ್ ಮೇಲಿನ ಧೂಳನ್ನು ಮೃದು ಬ್ರಷ್‌ನಲ್ಲಷ್ಟೇ ತೆಗೆಯಿರಿ. ಥಿನ್ನರ್ ಸೋಕಿದರೆ ಅಂಕಿಗಳೇ ಅಳಿಸಿಹೋಗುತ್ತವೆ.