ಏಳು ತಿಂಗಳು, ಎಂಟು ತಿಂಗಳು ಅಂದ್ಯಲ್ಲ ಅಮ್ಮ

ಆಕ್ಲೆಂಡ್, ಭಾನುವಾರ ರಾತ್ರಿ

ಅಮ್ಮ,

ಮೊನ್ನೆ ಫೋನಲ್ಲಿ ನಮ್ ಬಸುರಿ ಪುಟ್ಟಿ ವಿಷಯ ಮಾತಾಡ್ತಾ "ಏಳಕ್ಕೆ ಹುಟ್ಟಿದ ಕೂಸು ಉಳಿಯುತ್ತೆ, ಎಂಟರದ್ದೇ ಉಳಿಯಲ್ಲ" ಅಂದೆ, ಅಜ್ಜೀನೂ ಹಂಗೇ ಅಂತಿದ್ರು, ಆಗ ನಂಗೆ ಏನೂ ಹೇಳಕ್ಕಾಗ್ಲಿಲ್ಲ, ಆಮೇಲೆ ನಿದ್ದೇನೇ ಬರ್ಲಿಲ್ಲ ಅದಕ್ಕೇ ಬರೀತಿದೀನಿ. ಅದು ನಿಜ ಅಲ್ಲ ಅಮ್ಮ. ಹೊಟ್ಟೇಲಿ ಒಂದೊಂದು ವಾರ ಜಾಸ್ತಿ ಇದ್ದಷ್ಟೂ ಮಗು ಗಟ್ಟಿ, 28 ವಾರಕ್ಕಿಂತ 32 ವಾಸಿ, 32ಕ್ಕಿಂತ 36. ನಮ್ ಚಿನ್ನು 31 ವಾರಕ್ಕೆ ಹುಟ್ಟಿ ಉಳಿದಿದ್ದು ಏಳನೇ ತಿಂಗಳು ಅನ್ನೋ ಕಾರಣಕ್ಕಲ್ಲ, ಹೆರಿಗೆಗೆ ಮುಂಚೆ ನಂಗೆ ಮಗು ಶ್ವಾಸಕೋಶ ಬೇಗ ಬಲಿಯೋ ಹಂಗೆ ಮಾಡೋ ಸ್ಟೀರಾಯ್ಡ್ ಇಂಜೆಕ್ಷನ್ ಸಿಕ್ತು, ಹುಟ್ಟಿದ ಮೇಲೆ ಅವನಿಗೆ ಉಸಿರಾಟಕ್ಕೆ ಮಿಷಿನ್ ಸಿಕ್ತು, ಅದಕ್ಕೆ.

ಆ ಇಂಜೆಕ್ಷನ್ ಹುಟ್ಟಿದ್ದೂ ಇದೇ ಊರಲ್ಲಿ ಗೊತ್ತಾ. ಲಿಗಿನ್ಸ್ ಅನ್ನೋ ಡಾಕ್ಟ್ರು ಕುರಿಗಳಿಗೆ ಹೆರಿಗೆ ಹೆಂಗೆ ಶುರುವಾಗುತ್ತೆ ಅಂತ ನೋಡ್ತಿದ್ರು, ಸ್ಟೀರಾಯ್ಡ್ ಕೊಟ್ಟಿದ್ದ ಒಂದು ಮರಿ ಬದುಕೋಕೇ ಸಾಧ್ಯ ಇಲ್ಲದಷ್ಟು ಬೇಗ ಹುಟ್ಟಿದ್ರೂ ಉಸಿರಾಡ್ತಾ ಇತ್ತಂತೆ. ಆಮೇಲೆ ಹೌವಿ ಅನ್ನೋ ಮಕ್ಕಳ ಡಾಕ್ಟ್ರ ಜೊತೆ ಸೇರಿ 282 ತಾಯಂದಿರಲ್ಲಿ ಪರೀಕ್ಷೆ ಮಾಡಿ 1972ರಲ್ಲಿ ಪ್ರಕಟಿಸಿದ್ರು. ತಾನಾಗೇ ನೋವು ಬಂದು ಬೇಗ ಹೆತ್ತೋರ ಪೈಕಿ, ಇಂಜೆಕ್ಷನ್ ಆಗದೇ ಇದ್ದೋರ ಮಕ್ಕಳಲ್ಲಿ ನೂರಕ್ಕೆ 15 ಮೊದಲನೇ ವಾರದಲ್ಲೇ ಹೋದ್ವು, ಆದೋರದ್ರಲ್ಲಿ 3. ಈಗ ನಮ್ಮೂರ್ ಕಡೆನೂ ಅದೇ ಥರದ್ದು ಕೊಡ್ತಾರೆ, ಡೆಕ್ಸಾ ಅಂತಾರೆ, ದುಬಾರಿ ಏನಲ್ಲ. ಆದ್ರೆ ಅದು ಪೂರ್ತಿ ಕೆಲಸ ಮಾಡೋಕೆ ಒಂದು ದಿನನಾದ್ರೂ ಬೇಕು, ಅದಕ್ಕೇ ಬೇಗ ಹೋಗ್ಬೇಕು ಅಂತ ಇಷ್ಟು ಹೊಡ್ಕೊಳ್ತಿದೀನಿ.

ಪುಟ್ಟಿದು ನಂಗೆ ಯಾಕೆ ಭಯ ಅಂದ್ರೆ, ಬಿಪಿ ಏರಿದೆ, ರಕ್ತ ಕಮ್ಮಿ ಇದೆ, ಮೊದಲನೇದಕ್ಕೆ ಇನ್ನೂ ಒಂದೂವರೆ ವರ್ಷ ತುಂಬಿಲ್ಲ, ಇವೆಲ್ಲಾ ಅವಧಿಗೆ ಮುಂಚೆ ಹೆರಿಗೆ ಆಗೋಕೆ ಕಾರಣ ಆಗಬಹುದು. ಉರಿಮೂತ್ರ ಇದೆ ಅಂದ್ಲು ನನ್ ಹತ್ರ, ಅದನ್ನ ಎಳನೀರು ಕುಡಿದು ಸುಮ್ನೆ ಬಿಡ್ಬೇಡಿ, ಯೂರಿನ್ ಟೆಸ್ಟ್ ಮಾಡಿಸಿ. ಬಚ್ಚಲು ಹಂಡೆ ಉರಿ ಅವಳ ಕೈಲಿ ಹಾಕಿಸ್ಬೇಡ, ಆ ಹೊಗೇನೂ ಬೇಡ. ಎಷ್ಟೋ ಜನಕ್ಕೆ ಏನೂ ಕಾರಣ ಇಲ್ದೇನೂ ಆಗುತ್ತಮ್ಮ, ನಂಗಾಗಿದ್ದೂ ಹಂಗೇ. ಅತ್ತೆ ಪಪ್ಪಾಯಿ ತಿಂದಿದ್ದಕ್ಕೇ ಅಂತ ಅಂದಿದ್ದು ಇವತ್ತಿಗೂ ಮನಸಲ್ಲೇ ಇದೆ, ಪುಟ್ಟಿಗೆ ಯಾರೂ ಹಂಗೆ ಅನ್ನೋದು ಬೇಡ.

ನೀರು ಹೋದ್ರೆ, ರಕ್ತ ಕಂಡ್ರೆ, ಹೊಟ್ಟೆ ಬಿಟ್ಟು ಬಿಟ್ಟು ಗಟ್ಟಿಯಾದ್ರೆ, ತಲೆನೋವು ಬಂದು ಕಣ್ಣು ಮಂಜಾದ್ರೆ ಬೆಳಗಾಗಲಿ ಅಂತ ಕಾಯ್ಬೇಡಿ, 108ಕ್ಕೆ ಫೋನ್ ಮಾಡಿ. ಎಳೆ ಮಕ್ಕಳ ಐಸಿಯು ಇರೋ ಕಡೆಗೇ ಹೋಗಿ, ಮಗು ಹುಟ್ಟಿದ ಮೇಲೆ ಸಾಗಿಸೋದಕ್ಕಿಂತ ಹೊಟ್ಟೇಲಿ ಇದ್ದಾಗಲೇ ಹೋಗೋದು ಒಳ್ಳೇದು.

ಹಂಗೂ ಬೇಗ ಆಯ್ತು ಅನ್ಕೋ, ನೀನು ಎಣ್ಣೆ ನೀರು ಎರೆದು ಸಾಂಬ್ರಾಣಿ ಹಾಕೋಕೆ ಹೋಗ್ಬೇಡ ಅಮ್ಮ, ನಿನ್ ಕೈ ಬಾಣಂತನ ನಂಗೊತ್ತು, ಆದ್ರೆ ಅಷ್ಟು ಚಿಕ್ಕ ಮಗುಗೆ ಮೈಯೇ ಬೆಚ್ಚಗೆ ಇರಲ್ಲ, ಸ್ನಾನ ಮಾಡ್ಸಿದ್ರೆ ತಣ್ಣಗಾಗಿಬಿಡುತ್ತೆ. ಬರೀ ಮೈಯಲ್ಲಿ ಎದೆಗೆ ಒತ್ತಿ ಕಟ್ಕೋಬೇಕು, ಟೋಪಿ ಹಾಕಿ, ದಿನಾ ಎಷ್ಟು ಹೊತ್ತು ಆಗುತ್ತೋ ಅಷ್ಟೂ. ಕಾಂಗರೂ ಆರೈಕೆ ಅಂತಾರೆ, ನಮ್ ಕೊಪ್ಪಳ ಜಿಲ್ಲೇಲಿ ಆಸ್ಪತ್ರೇಲೂ ಮನೇಲೂ ಎಷ್ಟೋ ತಾಯಂದಿರು ಮಾಡಿದಾರೆ. ಪುಟ್ಟಿಗೆ ಸುಸ್ತಾದಾಗ ನೀನೂ ಕಟ್ಕೋಬಹುದು, ಇಲ್ಲಿ ಚಿನ್ನೂನ ಇವರು ಎದೆ ಮೇಲೆ ಹಾಕ್ಕೊಂಡು ಕೂತಿರ್ತಿದ್ರು, ಮಾನಿಟರಲ್ಲಿ ಅವನ ಉಸಿರು ಸಮ ಆಗೋದು ನಾನೇ ನೋಡಿದೀನಿ. ಮೊದಲ ಹಳದಿ ಹಾಲು ಹಿಂಡಿ ಚೆಲ್ಲೋಕೆ ಯಾರಿಗೂ ಬಿಡ್ಬೇಡ.

ನಾಳೆ ಆಶಾ ಅಕ್ಕ ಬಂದಾಗ ಪುಟ್ಟಿ ಬಿಪಿ ಎಷ್ಟಿದೆ ಅಂತ ಕೇಳಿ ಬರ್ಕೋ, ತಾಯಿ ಕಾರ್ಡಿಂದು ಫೋಟೋ ಹೊಡೆದು ಅಪ್ಪನ ಕೈಲಿ ವಾಟ್ಸಾಪ್ ಮಾಡ್ಸು. ನಿಮಗೆ ಸಂಜೆ ಆದ್ರೆ ನಮಗೆ ನಡುರಾತ್ರಿ, ಪರ್ವಾಗಿಲ್ಲ, ಎದ್ದಿರ್ತೀನಿ.

ನಿನ್ನ ದೊಡ್ಡ ಮಗಳು