ವೀರ್ಯಾಣು ಹೊಕ್ಕರೂ ಅಂಡ ಎಚ್ಚರಗೊಳ್ಳದಿದ್ದರೆ...

ಮಾನ್ಯ ಸಂಪಾದಕರೇ,

ಇಕ್ಸಿ ಚಿಕಿತ್ಸೆಯಲ್ಲಿ, ಅಂದರೆ ಅಂಡದೊಳಕ್ಕೆ ಒಂದೇ ವೀರ್ಯಾಣುವನ್ನು ಚುಚ್ಚುವ ವಿಧಾನದಲ್ಲಿ, ಒಂದು ಅಂಡವೂ ಫಲಿಸದೆ ಹೋದರೆ ‘ಅಂಡ ಚೆನ್ನಾಗಿಲ್ಲ’ ಎಂಬ ಮಾತು ಹೆಣ್ಣಿನ ತಲೆಗೇ ಬರುತ್ತದೆ. ಕೊರತೆ ವೀರ್ಯಾಣುವಿನದೂ ಆಗಿರಬಹುದು. ಅಂಡ ಎಚ್ಚರಗೊಳ್ಳಲು ಅದರೊಳಗೆ ಕ್ಯಾಲ್ಸಿಯಂ ಉಕ್ಕಬೇಕು, ಆ ಉಕ್ಕನ್ನು ಎಬ್ಬಿಸುವುದು ವೀರ್ಯಾಣು. ಕ್ಯಾಲ್ಸಿಯಂ ಮಾತ್ರೆ ನುಂಗಿದರೆ ಇದು ಸರಿಹೋಗದು. ಏಕೆಂದರೆ ಅಂಡದಲ್ಲಿ ಕ್ಯಾಲ್ಸಿಯಂ ದಾಸ್ತಾನು ಇದ್ದೇ ಇರುತ್ತದೆ, ಅದನ್ನು ಬಿಡಿಸುವವರಿಲ್ಲ ಅಷ್ಟೆ.

ಪಕ್ವವಾದ ಅಂಡ ಎರಡನೇ ಮಿಯಾಸಿಸ್‌ನ ಮೆಟಾಫೇಸ್ ಹಂತದಲ್ಲಿ, ಅಂದರೆ ಕೋಶವಿಭಜನೆಯ ನಡುವೆಯೇ, ನಿಂತಿರುತ್ತದೆ. ಸೈಕ್ಲಿನ್-ಬಿ, ಸಿಡಿಕೆ-1 ಎಂಬ ಪ್ರೋಟೀನುಗಳ ಜೋಡಿ ಅದನ್ನು ಅಲ್ಲಿ ಹಿಡಿದಿಟ್ಟರೆ, ಸೈಕ್ಲಿನ್ ನಾಶವಾಗದಂತೆ ಎಮಿ-2 ಎಂಬ ಪ್ರೋಟೀನು ಕಾಯುತ್ತದೆ. ವೀರ್ಯಾಣು ತರುವ ಪಿಎಲ್‌ಸಿ-ಝೀಟಾ ಕಿಣ್ವ (2002ರಲ್ಲಿ ಪತ್ತೆಯಾದದ್ದು) ಐಪಿ-3 ಎಂಬ ಸಂದೇಶಕಣವನ್ನು ಹುಟ್ಟಿಸುತ್ತದೆ, ಐಪಿ-3 ಕ್ಯಾಲ್ಸಿಯಂ ದಾಸ್ತಾನಿನ ಬಾಗಿಲು ತೆರೆಯುತ್ತದೆ. ಕ್ಯಾಲ್ಸಿಯಂ ಒಮ್ಮೆ ಉಕ್ಕಿ ನಿಲ್ಲುವುದಿಲ್ಲ. ಸುಂಡಿಲಿಯ ಅಂಡದಲ್ಲಿ ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ, ಪ್ರೋನ್ಯೂಕ್ಲಿಯಸ್ (ಅಂಡ, ವೀರ್ಯಾಣುಗಳ ವರ್ಣತಂತು ಹೊತ್ತ ಕೋಶಕೇಂದ್ರ) ಮೂಡುವ ತನಕ ಗಂಟೆಗಟ್ಟಲೆ ಏರಿಳಿಯುತ್ತದೆ. ಪ್ರತಿ ಏರಿಕೆಯೂ ಕ್ಯಾಮ್‌ಕೆ-2 ಕಿಣ್ವವನ್ನು ಚುರುಕುಗೊಳಿಸಿ ಎಮಿ-2ರ ನಾಶಕ್ಕೆ ದಾರಿ ಮಾಡುತ್ತದೆ. ಕಾವಲು ತಪ್ಪಿದಾಗ ಸೈಕ್ಲಿನ್ ಅಳಿಯುತ್ತದೆ, ಮಿಕ್ಕ ವರ್ಣತಂತುಗಳನ್ನು ಹೊತ್ತ ಪುಟ್ಟ ಕೋಶ, ಅಂದರೆ ಎರಡನೇ ಧ್ರುವಕಾಯ, ಹೊರಬೀಳುತ್ತದೆ.

ಸೂಜಿ ವೀರ್ಯಾಣುವನ್ನು ಒಳಗೆ ಬಿಟ್ಟು ಬರುತ್ತದೆ, ಅಷ್ಟೇ ಅದರ ಕೆಲಸ. ಪಿಎಲ್‌ಸಿ-ಝೀಟಾದ ಜೀನ್ ಕೆಟ್ಟಿದ್ದರೆ, ಅಥವಾ ತಲೆಯ ಟೋಪಿಯಂಥ ಆಕ್ರೋಸೋಮ್ ಇಲ್ಲದ ದುಂಡುತಲೆಯ ವೀರ್ಯಾಣುವಾದರೆ, ಚುಚ್ಚಿದ 16–18 ಗಂಟೆಗಳ ನಂತರ ನೋಡಿದರೂ ಎರಡು ಪ್ರೋನ್ಯೂಕ್ಲಿಯಸ್ ಕಾಣವು. ಸಿಡಿಕೆ-1ರ ಬಿಗಿ ಸಡಿಲದೆ ವೀರ್ಯಾಣುವಿನ ವರ್ಣತಂತುಗಳು ಅಕಾಲದಲ್ಲೇ ಗಂಟುಕಟ್ಟಿಕೊಳ್ಳುತ್ತವೆ.

ಇದಕ್ಕೆ ಉಪಾಯವಿದೆ. ಚುಚ್ಚಿದ ಅಂಡವನ್ನು ಕ್ಯಾಲ್ಸಿಯಂ ಅಯನೋಫೋರ್ (ಪೊರೆಯ ಮೂಲಕ ಕ್ಯಾಲ್ಸಿಯಂ ಸಾಗಿಸುವ ವಸ್ತು) ದ್ರಾವಣದಲ್ಲಿ, ಸಾಮಾನ್ಯವಾಗಿ 10 ಮೈಕ್ರೋಮೋಲಾರ್ ಎ-23187ರಲ್ಲಿ 15 ನಿಮಿಷ ಇಟ್ಟು, ಚೆನ್ನಾಗಿ ತೊಳೆದು ಕಲ್ಚರ್‌ಗೆ ಹಾಕುತ್ತಾರೆ. ಇದು ಕೊಡುವುದು ಒಂದೇ ದೊಡ್ಡ ಉಕ್ಕು, ಸಹಜ ಅಲೆಗಳನ್ನಲ್ಲ. ಆ ಉಕ್ಕು ಸಾಲದಿದ್ದರೆ ಸೈಕ್ಲಿನ್ ಮತ್ತೆ ಕೂಡಿಕೊಂಡು ಅಂಡ ಮರಳಿ ನಿಂತುಬಿಡಬಹುದು. ಇದೇ ಕೆಲಸಕ್ಕೆ ಸುಂಡಿಲಿಗೆ ಒಗ್ಗುವ ಸ್ಟ್ರಾಂಷಿಯಂ ಅನ್ನು ಮನುಷ್ಯರ ಅಂಡಕ್ಕೆ ನೆಚ್ಚುವಂತಿಲ್ಲ. ಸಿಡಿಕೆ-1ನ್ನು ತಣಿಸುವ, ಅಂಡದ ವೀ-2 ಜೀನ್ ಕೆಟ್ಟಿದ್ದರಂತೂ ಅದು ತಣಿಯುವುದೇ ಇಲ್ಲ, ಅಲ್ಲಿ ಅಯನೋಫೋರ್ ಸುರಿದು ಫಲವಿಲ್ಲ.

ಆದ್ದರಿಂದ ಇದನ್ನು ಎಲ್ಲ ದಂಪತಿಗಳ ಬಿಲ್ಲಿಗೂ ಸೇರಿಸುವುದು ತಪ್ಪು. ಫಲೀಕರಣ ಪೂರ್ತಿ ಸೋತವರಿಗೆ, ತೀರಾ ಕಡಿಮೆಯಾದವರಿಗೆ, ದುಂಡುತಲೆಯ ವೀರ್ಯಾಣು ಇರುವವರಿಗೆ ಮಾತ್ರ ಇದು ಹೊಂದುತ್ತದೆ. ಸೋತ ಸರದಿಯ ಬಳಿಕ ದಂಪತಿ ಪ್ರಯೋಗಾಲಯದಿಂದ ಈ ಲೆಕ್ಕವನ್ನು ಬರಹದಲ್ಲಿ ಪಡೆಯಲಿ: ಚುಚ್ಚಿದ ಅಂಡಗಳೆಷ್ಟು, ಅವುಗಳಲ್ಲಿ ಪಕ್ವವಾದವೆಷ್ಟು, ಎರಡನೇ ಧ್ರುವಕಾಯ ಬಿಟ್ಟವೆಷ್ಟು, ಎರಡು ಪ್ರೋನ್ಯೂಕ್ಲಿಯಸ್ ಕಂಡವೆಷ್ಟು.

– ಭ್ರೂಣವಿಜ್ಞಾನ ಕ್ಷೇತ್ರದ ಓದುಗರು, ಮೈಸೂರು